ಹೊಳವಿನಲ್ಲೂ ತಡೆದು ನಿಲ್ಲಿಸಿದ ಬಾಸಿಲ್ ಕ್ಯಾಸ್ತೆಲಿನೊ

ಬೆಟ್ಟ ಕಡಿದು ರಸ್ತೆ ಮಾಡಿದವರಿಗೆ ಹೆಸರು ಬರುತ್ತದೆ, ಅದನ್ನು ಉದ್ಘಾಟಿಸಿದವರಿಗೆ ಹಾರ ಬೀಳುತ್ತದೆ. ಆದರೆ ಅದೇ ರಸ್ತೆಯ ಮೇಲೆ ಕಲ್ಲು ಜಾರುವ ಮೊದಲೇ ಜನರನ್ನು ತಡೆದು ನಿಲ್ಲಿಸುವವರಿಗೆ ಸಿಗುವುದು ಬೈಗುಳ ಮಾತ್ರ. ಅರಬ್ ನಾಡಿನ ಬೆಟ್ಟದೂರು ಅಭಾದಿಂದ ತಿಹಾಮಾದ ಕರಾವಳಿ ಬಯಲಿಗೆ ಇಳಿಯುವ ಘಟ್ಟದಲ್ಲಿ ಹತ್ತು ವರ್ಷ ಈ ಬೈಗುಳವನ್ನು ಸಂಬಳದ ಜೊತೆಗೇ ಸ್ವೀಕರಿಸಿದ ಸುರಕ್ಷತಾ ಮೇಲ್ವಿಚಾರಕರಾದ ಶ್ರೀ ಬಾಸಿಲ್ ಕ್ಯಾಸ್ತೆಲಿನೊ ಅವರು ಈ ೧೯೮೯ರ ಆಗಸ್ಟಿನಲ್ಲಿ ನಿವೃತ್ತರಾಗುತ್ತಿದ್ದಾರೆ. ಜಾರುವ ಬೆಟ್ಟದ ಕೆಳಗೆ ಜೀವ ಉಳಿಸಿಕೊಂಡು ನಡೆಯುವ ವಿದ್ಯೆಯಲ್ಲಿ ಇಲ್ಲಿನ ಕನ್ನಡಿಗರಿಗೆಲ್ಲ ಅವರೇ ಗುರುಗಳು.

ಕಾರ್ಕಳದ ಕಲ್ಲುಕೋರೆಯಲ್ಲಿ ಇಪ್ಪತ್ತು ವರ್ಷ ದುಡಿದು ೧೯೭೯ರಲ್ಲಿ ಅವರು ಇಲ್ಲಿನ ರಸ್ತೆ ದುರಸ್ತಿಯ ಕ್ಯಾಂಪಿಗೆ ಬಂದರು. ಬಂಡೆಯ ವಿಷಯದಲ್ಲಿ ತಮಗೆ ತಿಳಿಯದ್ದು ಏನೂ ಇಲ್ಲವೆಂಬ ಸಣ್ಣ ಜಂಬವೂ ತಮ್ಮ ಪೆಟ್ಟಿಗೆಯಲ್ಲಿತ್ತೆಂದು ಅವರೇ ನಗುತ್ತ ಹೇಳುವುದುಂಟು. ಆ ಜಂಬ ಇಳಿದದ್ದು ೧೯೮೧ರ ವಸಂತದ ಮಳೆಯಲ್ಲಿ.

ಕರಾವಳಿಯವರಿಗೆ ಮಳೆಗಾಲದ ನಾಲ್ಕು ತಿಂಗಳ ಬದುಕೆಲ್ಲ ಹೊಳವಿನಲ್ಲೇ ನಡೆಯಬೇಕು. ಮಳೆ ಒಂದಿಷ್ಟು ಬಿಟ್ಟಿತೆಂದರೆ ಬಟ್ಟೆ ಹರಡಬೇಕು, ಪೇಟೆಗೆ ಓಡಬೇಕು. ಆ ದಿನವೂ ಮಳೆ ನಿಂತ ಕೂಡಲೇ ಬಾಸಿಲರು, "ಹೊಳವಾಯಿತು, ಯಲ್ಲಾ, ನಡೆಯಿರಿ" ಎಂದು ತಮ್ಮ ತಂಡವನ್ನು ಕಲ್ಲುಜಾರಿನ, ಎಂದರೆ ಕಲ್ಲು ಕಳಚಿ ಬೀಳುವ ಇಳಿಜಾರಿನ, ಕೆಳಗೆ ಇಳಿಸಿದರು. ಕುಡಿದ ನೀರಿನಿಂದ ಸಡಿಲಗೊಂಡ ಬೆಟ್ಟ ಬಿಸಿಲು ಬಿದ್ದ ಅರ್ಧ ಗಂಟೆಗೆ ಜಾರಿತು, ಹುಸೈನ್ ಎಂಬ ಕೆಲಸಗಾರರ ಬಲಗಾಲು ಹೋಯಿತು. ತಪ್ಪು ತಮ್ಮದೆಂದು ಬಾಸಿಲರು ಕಚೇರಿಗೆ ಬರೆದುಕೊಟ್ಟರು. ಹುಸೈನ್ ಊರಿಗೆ ಹೊರಡುವ ತನಕ ಪ್ರತಿದಿನ ಆಸ್ಪತ್ರೆಗೆ ಗಂಜಿ ಒಯ್ದರು.

ಅಲ್ಲಿಂದ ಅವರ ಕಟ್ಟಳೆಗಳು ಹುಟ್ಟಿದವು. ಜಾರಿನ ಕೆಳಗೆ ಒಮ್ಮೆಗೆ ಒಬ್ಬರೇ ದಾಟಬೇಕು, ಉಳಿದವರು ಗಟ್ಟಿ ನೆಲದಲ್ಲಿ ನಿಂತು ಮೇಲಕ್ಕೇ ಕಣ್ಣಿಡಬೇಕು, ನಡುವೆ ಚಪ್ಪಲಿ ಕಳಚಿದರೂ ಬಗ್ಗಬಾರದು. ಮಳೆ ನಿಂತ ಮೇಲೆ ಒಂದು ಪೂರ್ತಿ ಹಗಲು ಕಳೆಯದೆ ಯಾರೂ ದಾಟುವಂತೆಯೇ ಇಲ್ಲ.

ಈ ಕೊನೆಯ ಕಟ್ಟಳೆ ೧೯೮೫ರ ಏಪ್ರಿಲಿನಲ್ಲಿ ಅಬ್ದುಲ್ ಸಮದ್ ಅವರಿಗೆ ಅಡ್ಡ ಬಂತು. ಉಪ್ಪಿನಂಗಡಿಯ ಸಮದ್ ಕ್ಯಾಂಪಿನ ಚಾಲಕರು. ಹಿರಿಯ ಮಗಳು ಸಫಿಯಾಳ ನಿಕಾಹ್‌ಗೆ ಹೊರಟಿದ್ದರು. ಜಾರು ದಾಟಿ ಅಭಾಕ್ಕೆ ಹೋಗಿ ಸಂಜೆಯ ವಿಮಾನ ಹಿಡಿಯದಿದ್ದರೆ ಮುಂದಿನ ಬೊಂಬಾಯಿ ವಿಮಾನ ವಾರದ ಅನಂತರವೇ. ಬೆಳಿಗ್ಗೆ ಸುರಿದ ಮಳೆ ಒಂಬತ್ತಕ್ಕೆ ನಿಂತು, ಆಕಾಶ ತೊಳೆದಿಟ್ಟ ಬಟ್ಟಲಿನಂತಿತ್ತು.

"ಬಾಸಿಲ್ ಭಾಯಿ, ಹೊಳವಾಯಿತಲ್ಲ ಮಾರಾಯ್ರೆ. ಓಡಿದರೆ ಎರಡು ನಿಮಿಷ. ನನ್ನ ಮಗಳ ನಿಕಾಹ್!"

"ಗೊತ್ತುಂಟು ಸಮದ್. ನಾಳೆ ಬೆಳಿಗ್ಗೆ ದಾಟುವ."

"ನಾಳೆ ದಾಟಿ ಎಂತ ಮಾಡುವುದು?"

ಬಾಸಿಲರು ರಸ್ತೆಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತರು. ಸಂಜೆಯವರೆಗೂ ಬೆಟ್ಟದಿಂದ ಒಂದು ಚೂರು ಕಲ್ಲೂ ಉರುಳಲಿಲ್ಲ. ಒಂದಾದರೂ ಬೀಳಬಾರದೇ ಎಂದು ಅವರು ಮನಸ್ಸಿನಲ್ಲೇ ಬಯಸಿದರು, ಬಯಸಿದ್ದಕ್ಕೆ ನಾಚಿದರು. ವಿಮಾನ ಹೋಯಿತು. ಸಫಿಯಾಳ ದೊಡ್ಡಪ್ಪ ತಂದೆಯ ಸ್ಥಾನದಲ್ಲಿ ಕುಳಿತು ನಿಕಾಹ್ ಮಾಡಿಕೊಟ್ಟರು.

ಸಮದ್ ವರ್ಷವಿಡೀ ಬಾಸಿಲರೊಡನೆ ಮಾತಾಡಲಿಲ್ಲ, ಬಾಸಿಲರು ಮುನಿಸಿಕೊಳ್ಳಲಿಲ್ಲ. ಕೊಂಕಣಿ ಮನೆಮಾತಿನ ಅವರು ತಡವರಿಸುವ ಕನ್ನಡದಲ್ಲಿ ಸಫಿಯಾಳಿಗೊಂದು ಪತ್ರ ಬರೆದರು: ನಿನ್ನ ತಂದೆಯನ್ನು ತಡೆದವನು ನಾನು, ಅವರ ಮೇಲೆ ಕೋಪ ಬೇಡ. ಹದಿನಾಲ್ಕು ತಿಂಗಳ ಮೇಲೆ ಬಂದ ಉತ್ತರವನ್ನು ಅವರು ಈಗಲೂ ಬೈಬಲಿನೊಳಗೆ ಇಟ್ಟುಕೊಂಡಿದ್ದಾರೆ. "ಅವತ್ತು ತುಂಬಾ ಅತ್ತಿದ್ದೆ. ನಿಮ್ಮ ಮೇಲೆ ಸಿಟ್ಟು ಇನ್ನೂ ಸ್ವಲ್ಪ ಉಂಟು. ಬಾಪ ಈಗ ರಜೆಯಲ್ಲಿ ಬಂದಿದ್ದಾರೆ. ಇದನ್ನು ಬರೆಯುವಾಗ ನನ್ನ ಮಗುವನ್ನು ತೊಟ್ಟಿಲಲ್ಲಿ ತೂಗುತ್ತಿದ್ದಾರೆ." ರಜೆ ಮುಗಿಸಿ ಬಂದ ಸಮದ್ ಮಗುವಿನ ಫೋಟೋವನ್ನು ಮೊದಲು ತೋರಿಸಿದ್ದು ಬಾಸಿಲರಿಗೆ.

ಊರಿಗೆ ಮರಳಿದ ಮೇಲೆ ಕೋರೆಯ ಹೊಸ ಕೆಲಸಗಾರರಿಗೆ ಈ ಕಟ್ಟಳೆಗಳನ್ನು ಕಲಿಸಲು ಬಾಸಿಲರು ಒಪ್ಪಿದ್ದಾರೆ. ದೇವರು ಅವರಿಗೆ ನೂರು ತುಂಬಿದ ಆಯುಷ್ಯವನ್ನೂ, ಗುಡ್ಡ ಹತ್ತುವ ಕಾಲಿನ ಕಸುವನ್ನೂ, ಹೇಳಿದ್ದು ಕೇಳುವ ಶಿಷ್ಯರನ್ನೂ ಕರುಣಿಸಲಿ. ಅವರನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಗಾಡಿಯನ್ನು ತಾವೇ ಓಡಿಸುವುದೆಂದು ಸಮದ್ ಹಟ ಹಿಡಿದಿದ್ದಾರೆ. ಆಗಸ್ಟಿನಲ್ಲಿ ಮಳೆ ಬಂದು ವಿಮಾನ ತಪ್ಪಿದರೆ ಏನು ಮಾಡುತ್ತೀರಿ ಎಂದು ಕ್ಯಾಂಪಿನವರು ಕೇಳಿದರು.

"ತಪ್ಪಲಿ ಮಾರಾಯ್ರೆ," ಎಂದರು ಸಮದ್. "ಇನ್ನೊಂದು ವಾರ ನಮ್ಮೊಟ್ಟಿಗೆ ಇರ್ತಾರಲ್ಲ."