ಭೂತಗನ್ನಡಿಯ ಬೆಳ್ಳಿ ನಾಣ್ಯ

ಗಡಿಯಾರ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಭೂತಗನ್ನಡಿ. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡನೆಂದರೆ ಗಡಿಯಾರದ ಹಲ್ಲಿನ ಜತೆಗೆ ತಂದವನ ಹಣೆಬರಹವೂ ತನಗೆ ಕಾಣುತ್ತದೆಂಬ ಧೋರಣೆ. ಹಳೇ ನಾಣ್ಯದ ಹುಚ್ಚು ಬೇರೆ. ಟಂಕಸಾಲೆಯಲ್ಲಿ ಅಚ್ಚು ತಪ್ಪಿದ ನಾಣ್ಯಕ್ಕೆ ಭಾರೀ ಬೆಲೆಯಂತೆ ಎಂದು ಯಾರೋ ಹಬ್ಬಿಸಿದ್ದರಿಂದ, ಜನ ಅಜ್ಜನ ಡಬ್ಬಿ ಕೆದಕಿ ತರುತ್ತಿದ್ದರು.

“ಅಣ್ಣಾ, ಅಕ್ಷರ ಜೋಡಿ ಜೋಡಿಯಾಗಿ ಬಿದ್ದಿದೆ ನೋಡಿ,” ಎಂದಳು ಒಮ್ಮೆ ಬ್ರೆಡ್ ಅಂಗಡಿಯವಳು.

“ಜೋಡಿಯಲ್ಲಮ್ಮ, ಅಚ್ಚು ಅಲುಗಿ ಉಜ್ಜಿದ ಗುರುತು. ಚಪ್ಪಟೆಯಾಗಿದೆ ಅಲ್ವಾ? ಅಚ್ಚೇ ಎರಡೆರಡಾಗಿದ್ರೆ ಎರಡೂ ದುಂಡಗೆ ಎದ್ದು ನಿಂತಿರ್ತಿತ್ತು. ಬೆಳ್ಳಿ ತೂಕಕ್ಕೆ ಮಾರ್ಕೋ.”

ಅವಳ ಮುಖ ಸಪ್ಪಗಾಯಿತು, ಇವನ ಮೀಸೆ ಅರಳಿತು.

ಅವನ ಬಳಿಯೂ ಒಂದಿತ್ತು. ಇಪ್ಪತ್ತಾರು ವರ್ಷದ ಹಿಂದೆ ಅಪ್ಪ ತೀರಿಕೊಂಡು ಪಾಲಾಗುವಾಗ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ನಮ್ಮಂಥವರ ಕಣ್ಣಿಗೆ ಬರೀ ಬಿಲ್ಲೆ. ಆದರೆ ಅದರ ಒಂದು ಬದಿಯಲ್ಲಿ ರಾಜನ ತಲೆ ಉಬ್ಬುವ ಬದಲು ಒಳಕ್ಕಿಳಿದು, ಎಡಬಲ ಅದಲುಬದಲಾಗಿ ಮೂಡಿತ್ತು. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿರುವಾಗಲೇ ಮುಂದಿನದಕ್ಕೆ ಪೆಟ್ಟು ಬಿದ್ದರೆ ಹೀಗಾಗುತ್ತದೆ, ಬಲು ಅಪರೂಪ. ಭೂತಗನ್ನಡಿ ಅಣ್ಣನ ಕಡೆ ತಿರುಗಿದ. “ಅಣ್ಣಾ, ಮನೆ ನೀನೇ ಇಟ್ಕೋ. ನನಗಿದೊಂದು ಸಾಕು,” ಎಂದ. ಒಡಹುಟ್ಟಿದವನಿಗೇ ಟೋಪಿ ಹಾಕುತ್ತಿದ್ದೇನಲ್ಲ ಎಂದು ಒಳಗೊಳಗೇ ಚೂರು ನಾಚಿಕೆಯೂ ಆಯಿತು.

ಬೆರಳಿನ ಜಿಡ್ಡು ತಾಗಬಾರದೆಂದು, ಆ ಸಂಭ್ರಮದಲ್ಲಿ ಮಗುಚಿಯೂ ನೋಡದೆ, ತಪ್ಪಿದ ಮುಖ ಮೇಲೆ ಮಾಡಿ ಗಾಜಿನ ಚೌಕಟ್ಟಿನಲ್ಲಿ ಕೂರಿಸಿಬಿಟ್ಟ. ಬಲ್ಲವರು ನಾಣ್ಯ ಮುಟ್ಟುವುದಿಲ್ಲ. ಅಂದಿನಿಂದ ಗಂಡ ಹೆಂಡತಿ ಬಾಡಿಗೆಯ ಮೂರನೇ ಮಹಡಿಯಲ್ಲಿ, ಕೆಳಗಿನ ನಲ್ಲಿಯಿಂದ ನೀರು ಹೊತ್ತುಕೊಂಡು, ಲಕ್ಷಾಧೀಶರಾಗಿ ಬದುಕಿದರು.

ಈಗ ಹೆಂಡತಿಯ ಮಂಡಿ ಮೆಟ್ಟಿಲೆಂದರೆ ಮುಷ್ಕರ ಹೂಡುತ್ತಿತ್ತು. “ಆ ಮಹಾರಾಜನ್ನ ಇನ್ನಾದ್ರೂ ಮಾರ್ರೀ. ನೆಲಮಹಡೀಲಿ ಒಂದು ಕೋಣೆ ಹಿಡಿಯೋಣ. ನಾನೇನು ಅರಮನೆ ಕೇಳಿದ್ನಾ?”

ವ್ಯಾಪಾರಿಯ ಹತ್ತಿರ ಹೋಗುತ್ತೇನೆಂದು ಅವಳಿಗೆ ಹೇಳಿ ಅಂಗಡಿಗೆ ಬಂದವನು, ಮೊದಲು ತಾನೇ ನೋಡೋಣವೆಂದು ಚೌಕಟ್ಟು ಬಿಚ್ಚಿ ನಾಣ್ಯ ಮಗುಚಿದ. ಟಂಕಸಾಲೆಯ ತಪ್ಪಾಗಿದ್ದರೆ ಈ ಬದಿ ಚೊಕ್ಕವಾಗಿರಬೇಕಿತ್ತು. ಅಕ್ಷರಗಳೆಲ್ಲ ಜಜ್ಜಿಹೋಗಿದ್ದವು; ಅವುಗಳ ಮೇಲೆ ಚೌಕಳಿ ಚೌಕಳಿ ಗೀರು. ಲೋಹ ಬಿಗಿಹಿಡಿಯುವ ವೈಸಿನ ಹಲ್ಲು! ಯಾರೋ ಎರಡು ನಾಣ್ಯ ಜೋಡಿಸಿ ವೈಸಿಗೆ ಕೊಟ್ಟು ಹಿಂಡಿದ್ದಾರೆ. ಮನೆಯಲ್ಲಿ ವೈಸು ತಿರುಗಿಸುತ್ತಿದ್ದವನೆಂದರೆ ಬೀಗ ಮಾಡುವ ಅಣ್ಣನೊಬ್ಬನೇ.

ಅಣ್ಣ ಮನೆಯ ಮುಂದೆ ಕೂತು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ.

“ಇದು ನಿನ್ನ ಕೆಲಸಾನಾ?”

“ಹೂಂ. ಹದಿನಾಲ್ಕು ವರ್ಷ ನನಗಾಗ. ತಮಾಷೆಗೆ ಹಿಂಡಿದ್ದೆ. ಅಪ್ಪ ನಾಲ್ಕು ಬಾರಿಸಿ ಕಿತ್ಕೊಂಡ್ರು.”

“ಪಾಲಾಗೋವಾಗ ಬಾಯಿ ಬಿಡೋಕೇನಾಗಿತ್ತು?”

“ಬಿಟ್ಟೆ ಕಣೋ. ‘ಬೀಗದವನಿಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು’ ಅಂದೆ ನೀನು. ನನಗೆ ಟೋಪಿ ಹಾಕೋ ಖುಷಿ ನಿನ್ನ ಮುಖದಲ್ಲೇ ಕುಣೀತಿತ್ತು. ಸುಮ್ನಾದೆ.”

ಬಯ್ಯಲೆಂದು ಬಾಯಿ ತೆರೆದ. ಯಾವ ಬೈಗುಳ ಆರಿಸಿದರೂ ಅದು ತನ್ನ ಅಳತೆಗೇ ಹೊಲಿದಂತಿತ್ತು.

ಮನೆಗೆ ಬಂದಾಗ ಹೆಂಡತಿ ಗೋಡೆ ಹಿಡಿದುಕೊಂಡೇ ಬಾಗಿಲು ತೆರೆದಳು. “ಏನಂದ ವ್ಯಾಪಾರಿ?”

“ಅಸಲಿ ಮಾಲಂತೆ. ಇನ್ನೈದು ವರ್ಷ ಇಟ್ಕೊಂಡ್ರೆ ಎರಡು ಪಟ್ಟಂತೆ.”

“ಅವನು ಹೇಳಿದ್ರೇನು, ನೀವು ಹೇಳಿದ್ರೇನು. ನಿಮಗಿಂತ ಬಲ್ಲವರು ಯಾರಿದ್ದಾರೆ,” ಎಂದಳು ಅವಳು, ಒಂದಿಷ್ಟೂ ವ್ಯಂಗ್ಯವಿಲ್ಲದೆ. ನಲ್ಲಿ ಬರುವ ಹೊತ್ತಾಗಿತ್ತು. ಬಕೆಟ್ ತೆಗೆದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಲ್ಲುತ್ತ ಇಳಿಯತೊಡಗಿದಳು.