ಹುಲ್ಲು ಕೊಯ್ದಾಯಿತು

ಹುಲ್ಲು ಕೊಯ್ಯುವುದು ದೊಡ್ಡ ವಿಷಯವಲ್ಲ. ಕೊಯ್ದ ಹುಲ್ಲನ್ನು ಏನು ಮಾಡುವುದು ಎಂಬುದೇ ದೊಡ್ಡ ವಿಷಯ. ಇಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷ ವಯಸ್ಸು, ಅಂಗೈ ತುಂಬ ಬೊಬ್ಬೆ ಮತ್ತು ಒಬ್ಬ ಅತ್ತೆ ಬೇಕಾಯಿತು.

ಅರವತ್ತರ ದಶಕ. ನಾನು ಹನೂರಿನಲ್ಲಿ ಮೇಷ್ಟ್ರು. ಹೆಂಡತಿ ರಾಜಮ್ಮ ಬಾಣಂತನಕ್ಕೆ ಯಳಂದೂರಿನ ತವರಿಗೆ ಹೋಗಿದ್ದಳು. ಮಗಳನ್ನು ನಾನು ನೋಡಿದ್ದು ನಾಮಕರಣದ ದಿನ ಒಂದೇ ಸಲ, ಅದೂ ಹೆಂಗಸರ ಹೆಗಲುಗಳ ಸಂದಿಯಿಂದ. ಐದು ತಿಂಗಳು ತುಂಬಿತಲ್ಲ, ಬನ್ನಿ ಎಂದು ಬರೆದರೆ ಉತ್ತರ ಬಂತು: 'ಈ ಮಳೆಗೆ ಅಲ್ಲಿ ನಮ್ಮ ಹಿತ್ತಿಲಲ್ಲಿ ಆಳುದ್ದ ಹುಲ್ಲು ಬಂದಿರುತ್ತದೆ. ಹಾವು ಸೇರಿಕೊಳ್ಳುತ್ತದೆ. ಅದನ್ನು ತೆಗೆಸುವವರೆಗೂ ಕೂಸನ್ನು ಕಳಿಸುವುದಿಲ್ಲ ಎನ್ನುತ್ತಾರೆ ಅವ್ವ.'

ಅತ್ತೆಯ ಮಾತಿಗೆ ಅಪೀಲಿಲ್ಲ. ಪಕ್ಕದ ಮನೆಯ ನಿಂಗಮ್ಮನವರಿಂದ ಕುಡುಗೋಲು ಇಸಿದುಕೊಂಡೆ. ಭಾನುವಾರ ಬೆಳಿಗ್ಗೆ ಬಗ್ಗಿದವನು ಸಂಜೆಗೆ ಸೊಂಟ ಹಿಡಿದುಕೊಂಡು ಎದ್ದೆ. 'ಹುಲ್ಲು ಕೊಯ್ದಾಯಿತು, ಮುಂದಿನ ಭಾನುವಾರ ಬಂದುಬಿಡಿ' ಎಂದು ಕಾರ್ಡು ಹಾಕಿಯೂ ಬಂದೆ. ಆಮೇಲೆ ತಿರುಗಿ ನೋಡುತ್ತೇನೆ, ನಿಂತಾಗ ಹುಲ್ಲಾಗಿದ್ದದ್ದು ಮಲಗಿದ ಮೇಲೆ ಗುಡ್ಡವಾಗಿದೆ!

ದೇವರು ಜಾಣ. ಗಣಪತಿಗೆ ಇಪ್ಪತ್ತೊಂದು ಗರಿಕೆ ಸಾಕು. ಗಾಡಿಗಟ್ಟಲೆ ಏರಿಸಿದರೆ ಅವನೂ ಬೇಡಪ್ಪ ಎನ್ನುತ್ತಿದ್ದ. ಶ್ರಾದ್ಧಕ್ಕೆ ಬೆರಳಿಗೊಂದು ದರ್ಭೆ. ನಮ್ಮ ಶಾಸ್ತ್ರಗಳಿಗೆ ಹುಲ್ಲು ಎಸಳಿನಲ್ಲಿ ಗೊತ್ತು, ರಾಶಿಯಲ್ಲಿ ಗೊತ್ತಿಲ್ಲ.

ನಾನೋ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯವನು. ಬಣ್ಣ ಹಾಕಿದ ರೇಷ್ಮೆಯನ್ನು ಬಿಸಿಲಿಗೆ ಹಾಕಬಾರದು, ಬಣ್ಣ ಇಳಿಯುತ್ತದೆ ಎಂದು ಕೇಳಿಕೊಂಡೇ ಬೆಳೆದವನು. ಇಷ್ಟು ಚೆಂದದ ಹಸಿರು ಹಾಳಾಗುವುದುಂಟೆ? ಹಿಂದಿನ ಚಾವಣಿಯ ನೆರಳಿಗೆ ಎಲ್ಲವನ್ನೂ ಹೊತ್ತು, ಅಂದವಾಗಿ ಒಟ್ಟಿ, ಮೇಲೊಂದು ಗೋಣಿತಾಟು ಹೊದಿಸಿದೆ. ನಿಂಗಮ್ಮನವರ ಹಸುವಿಗೆ ದಿನಾ ಒಂದು ಹೊರೆ ಕೊಟ್ಟರೆ ಮಗುವಿಗೆ ಹಾಲಿನ ಚಿಂತೆಯಿಲ್ಲ ಎಂಬ ಯೋಜನೆಯೂ ಸಿದ್ಧವಾಯಿತು.

ಬುಧವಾರ ಬೆಳಿಗ್ಗೆ ನೋಡಿದರೆ ರಾಶಿಯಿಂದ ಹೊಗೆಯಾಡುತ್ತಿದೆ. ಕೈ ಹಾಕಿದೆ, ಸುಟ್ಟಿತು. ನಿಂಗಮ್ಮ ಬಂದು ಮೂಗು ಮುಚ್ಚಿಕೊಂಡರು.

"ಅಯ್ಯೋ ಸಿವ್ನೆ! ಅಸಿ ಉಲ್ಲ ನೆಳ್ಳಲ್ಲಿ ಒಟ್ಟುದ್ರೆ ಬೇಯ್ದೆ ಇನ್ನೇನ್ ಮಾಡೀತು ಮೇಷ್ಟ್ರೆ? ಬಿಸ್ಲಲ್ಲಿ ಅರ್ವಿ ಒಣಗಿಸ್ಬೇಕಿತ್ತು."

"ಹಸು ತಿನ್ನಲ್ವೇ?"

ಒಂದು ಹಿಡಿ ಒಯ್ದು ಒಡ್ಡಿದರು. ಹಸು ಮೂಸಿತು, ನನ್ನ ಕಡೆ ಒಮ್ಮೆ ನೋಡಿತು, ಮುಖ ತಿರುಗಿಸಿತು. ನನ್ನ ವ್ಯಾಕರಣ ಪಾಠಕ್ಕೂ ಯಾರೂ ಅಷ್ಟು ನೇರವಾಗಿ ಮುಖ ತಿರುಗಿಸಿದ್ದಿಲ್ಲ.

"ನಿಂತಿರೊ ಉಲ್ಗಿಂತ ಬೆಚ್ಗಿರೊ ಗುಡ್ಡೇಗೇ ಆವು ಬರೋದು ಕಣ್ರಿ," ಎಂದು ಬೇರೆ ಹೇಳಿದರು.

ಕಾರ್ಡು ಯಳಂದೂರು ಸೇರಿಯಾಗಿದೆ. ಅತ್ತೆ ಬಂದು ಇದನ್ನು ಕಂಡರೆ ಅದೇ ಬಸ್ಸಿಗೆ ಕೂಸನ್ನು ವಾಪಸು ಹೊತ್ತೊಯ್ಯುತ್ತಾರೆ.

ಕೊನೆಗೆ ದಾರಿ ತೋರಿಸಿದವರೂ ನಿಂಗಮ್ಮನೇ. ಅವರ ಕೊಟ್ಟಿಗೆಯಾಚೆ ತಿಪ್ಪೆಗುಂಡಿ ಇತ್ತು. ಮೂರು ಸಂಜೆ, ಸ್ಕೂಲು ಬಿಟ್ಟವನೇ ಪಂಚೆ ಎತ್ತಿ ಕಟ್ಟಿ ಹುಲ್ಲು ಹೊತ್ತೆ. ಒಂದು ವರಸೆ ಹುಲ್ಲು, ಅದರ ಮೇಲೆ ಸಗಣಿ ನೀರು, ಅದರ ಮೇಲೆ ಮಣ್ಣು. ಮುಂಗಾರಿನ ಹೊತ್ತಿಗೆ ಅವರ ರಾಗಿ ಹೊಲಕ್ಕೆ ಒಳ್ಳೆ ಗೊಬ್ಬರವಂತೆ. ನಿಜ ಹೇಳುತ್ತೇನೆ, ಆ ಮೂರು ಸಂಜೆ ನನಗೆ ಬಹಳ ಸುಖವಾಗಿತ್ತು.

ಭಾನುವಾರ ಬಸ್ಸಿಳಿದ ಅತ್ತೆ ಕೈಕಾಲು ಕೂಡ ತೊಳೆಯದೆ ಹಿತ್ತಿಲಿಗೆ ನಡೆದರು. ಮೂಲೆಮೂಲೆ ನೋಡಿದರು. ಒಂದೆಸಳಿಲ್ಲ. ಗೆದ್ದೆ ಎಂದು ಹಿಗ್ಗಿದೆ. ಅವರ ಮುಖ ಮಾತ್ರ ಬಾಡಿತು.

ಮಗಳನ್ನು ನನ್ನ ತೊಡೆಗೆ ಹಾಕುತ್ತ ರಾಜಮ್ಮ ಮೆಲ್ಲಗೆ ಹೇಳಿದಳು: "ಅವ್ವಂಗೆ ಹಾವಿನ ಭಯ ಅಲ್ಲ ಕಣ್ರಿ. ನೀವು ದೀಪಾವಳಿ ಕಳೆದ್ರೂ ಕೊಯ್ಯಲ್ಲ, ಅಲ್ಲೀಗಂಟ ಕೂಸು ತನ್ನ ಹತ್ರಾನೇ ಇರುತ್ತೆ ಅಂತ."

ನನಗೆ ಕೋಪ ಬರಲಿಲ್ಲ. ಆ ಕೂಸು ಆಗಲೇ ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅತ್ತೆಯ ಜಾಗದಲ್ಲಿ ನಾನಿದ್ದರೆ ಹುಲ್ಲೇನು, ಹುಲಿಯನ್ನೇ ಕರೆಸುತ್ತಿದ್ದೆ.

ಮಾರನೆಯ ಬೆಳಿಗ್ಗೆ ಅವರು ಚೀಲ ಹಿಡಿದು ಹೊರಟು ನಿಂತರು. ನಾನೆಂದೆ: "ಅತ್ತೆ, ಬೇರು ಹಾಗೇ ಇದೆ, ಮತ್ತೆ ಚಿಗುರುತ್ತೆ. ನನಗೆ ಈ ಹುಲ್ಲಿನ ವಿಷಯ ತಿಳಿಯೋದಿಲ್ಲ. ಒಂದು ತಿಂಗಳಿದ್ದು ನೀವೇ ನೋಡ್ಕೊಂಡ್ರೆ ವಾಸಿ."

"ಇರ್ತೀನಿ ಬುಡಿ, ಇನ್ನೇನ್ ಮಾಡದು. ನಿಮ್ಗಂತೂ ಗೊತ್ತಾಗಕಿಲ್ಲ," ಎಂದು ಚೀಲ ಕೆಳಗಿಟ್ಟು ಮೊಮ್ಮಗಳನ್ನು ಎತ್ತಿಕೊಂಡರು.

ತಿಂಗಳು ಪೂರ್ತಿ ಇದ್ದರು. ಹಿತ್ತಿಲ ಕಡೆ ಒಮ್ಮೆಯೂ ಇಣುಕಲಿಲ್ಲ.