ಅವ್ವ ಹೆದರಿದ್ದಳು

ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಇನ್ನು ಏಳುವುದಿಲ್ಲ ಎನ್ನುವಂಥ ಹಾಸಿಗೆ ಹಿಡಿದರೆ ನಾಲ್ಕಾರು ಮಂದಿ ಹೋಗಿ ಮಂಚದ ಸುತ್ತ ಕೂರುತ್ತಾರೆ. ಒಂದೆರಡು ತೆಲುಗು ಕೀರ್ತನೆ ಹಾಡಿ, ಬೈಬಲಿನ ವಾಕ್ಯ ಓದಿ, ಕೊನೆಗೆ ಮಲಗಿದವರ ಕಿವಿಯ ಹತ್ತಿರ ಬಾಗಿ ‘ಭರವಸಿ ಐತೇನ್ರಿ?’ ಎಂದು ಕೇಳುತ್ತಾರೆ. ಅವರು ಐತಿ ಅನ್ನಬೇಕು. ಬಾಯಿ ಬಾರದಿದ್ದರೆ ತಲೆಯಾಡಿಸಿದರೂ ನಡೆಯುತ್ತದೆ. ಮಣ್ಣು ಕೊಡುವ ದಿನ ಆ ಉತ್ತರವನ್ನು ಎಲ್ಲರೆದುರು ಸಾಕ್ಷಿಯಾಗಿ ಹೇಳುತ್ತಾರೆ. ಅದನ್ನು ಕೇಳಿದ ಮೇಲೆಯೇ ಮನೆಯವರು ಕಣ್ಣೊರೆಸಿಕೊಂಡು ಊಟಕ್ಕೆ ಏಳುವುದು.

ಕುರುಗೋಡಿನಲ್ಲಿ ಈ ಪ್ರಶ್ನೆ ಕೇಳುವ ಕೆಲಸ ನಮ್ಮ ಅವ್ವನದು. ಪಾಸ್ಟರು ಊರಲ್ಲೇ ಇದ್ದರೂ ಜನ ಅವ್ವನನ್ನೇ ಕರೆಯುತ್ತಿದ್ದರು. ಬಾದನಹಟ್ಟಿಯಿಂದ, ರಾರಾವಿಯಿಂದ, ಎಲ್ಲಿಂದ ಫೋನ್ ಬಂದರೂ ಒಲೆಯ ಮೇಲಿನ ಸಾರು ಇಳಿಸಿ, ಬಿಳಿ ಸೀರೆ ಉಟ್ಟು ಬಸ್ ಸ್ಟ್ಯಾಂಡಿಗೆ ಹೊರಟುಬಿಡುತ್ತಿದ್ದಳು. ‘ಸಾಯೋರ ಮ್ಯಾಲಿರೋ ಪ್ರೀತಿ ನಿನಗ ನನ್ನ ಮ್ಯಾಲಿಲ್ಲ’ ಎಂದು ಅಪ್ಪ ಛೇಡಿಸುತ್ತಿದ್ದ. ‘ನೀವೂ ಮಲಗ್ರಿ, ಬಂದು ಕುಂದರ್ತೀನಿ’ ಎಂದು ಅವಳು ಹೊಸ್ತಿಲು ದಾಟುತ್ತಲೇ ಉತ್ತರ ಕೊಡುತ್ತಿದ್ದಳು. ಅಪ್ಪ ಅವಳಿಗೆ ಆ ಅವಕಾಶವನ್ನೂ ಕೊಡದೆ, ಗದ್ದೆಯಲ್ಲಿ ನಿಂತಲ್ಲೇ ಕುಸಿದು ಹೋದ.

ಹೋದ ವರ್ಷ ಅವ್ವನ ಹೊಟ್ಟೆಯಲ್ಲಿ ನೀರು ತುಂಬಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ತೆಗೆದರು, ಮತ್ತೆ ತುಂಬಿತು. ಕ್ಯಾನ್ಸರ್ ಲಿವರಿಗೆ ಹಬ್ಬಿದೆ, ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ತಿನ್ನಿಸಿ ಎಂದರು ಡಾಕ್ಟರು. ನಾನು ಸಿರುಗುಪ್ಪದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ರಜೆ ಹಾಕಿ ಕುರುಗೋಡಿಗೆ ಬಂದು ಅವ್ವನ ಮಂಚದ ಪಕ್ಕ ಕೂತೆ.

ದೇವರ ವಿಷಯದಲ್ಲಿ ನನ್ನದು ಮೊದಲಿನಿಂದಲೂ ಅರೆಮನಸ್ಸು. ಇಷ್ಟು ವರ್ಷ ಅವ್ವನ ನಂಬಿಕೆಯ ಮರೆಯಲ್ಲಿ ಭಾನುವಾರಗಳನ್ನು ದಾಟಿಸಿದವಳು ನಾನು. ನನಗೆ ಸಾವೆಂದರೆ ಸಣ್ಣವಳಿದ್ದಾಗಿನಿಂದಲೂ ಭಯ. ಅವ್ವ ಸಮಾಧಾನದಿಂದ ಹೋದರೆ ಸಾಕು, ಅದನ್ನು ಕಣ್ಣಾರೆ ನೋಡಿದರೆ ನಾನೂ ನಂಬಿಯೇನು ಎಂದು ಆಸೆಪಟ್ಟು ಕೂತಿದ್ದೆ. ಆಸೆ ಅಂದರೆ ಅಷ್ಟೇ, ಇನ್ನೇನೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಒದ್ದೆ ಬಟ್ಟೆಯಿಂದ ಬೆನ್ನು ಒರೆಸುತ್ತಿದ್ದಾಗ ಅವ್ವ ನನ್ನ ಮುಂಗೈ ಹಿಡಿದುಕೊಂಡಳು.

‘ಹೆದರಿಕಿ ಆಗಾಕತ್ತೈತಿ ಲೇ.’

‘ನೋವಿಗೇನಬೇ? ಗುಳಿಗಿ ಕೊಡ್ಲೇನು?’

‘ನೋವಲ್ಲ. ಸಾಯಾಕ.’

ನನಗೆ ಕನಿಕರ ಬರಬೇಕಿತ್ತು, ಸಿಟ್ಟು ಬಂತು. ‘ಊರ ಮಂದಿಗೆಲ್ಲ ಹೆದರಬ್ಯಾಡ್ರಿ ಅಂತ ಹೇಳಿದಾಕಿ ನೀನು. ಈಗ ಹಿಂಗಂದ್ರ ಹೆಂಗ?’ ಎಂದೆ.

‘ಹೇಳೀನಿ. ಅವರೂ ಹೆದರ್ಯಾರ,’ ಎಂದಳು ಅವ್ವ. ಉಸಿರು ಎಳೆದುಕೊಳ್ಳುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ‘ಎಲ್ಲಾರೂ ಐತಿ ಅಂದಿಲ್ಲ. ಕೆಲವರು ಗ್ವಾಡಿ ಕಡಿ ಮಕ ತಿರುವಿದ್ರು. ಒಬ್ಬಾಕಿ ಬಿಟ್ಟು ಹೋಗಬ್ಯಾಡ್ರಿ ಅಂತ ನನ್ನ ಸೆರಗು ಹಿಡಕೊಂಡ್ಲು. ಮನಿ ಮಂದಿ ಮಕ ನೋಡಿ ನಾನ ಐತಿ ಅಂದ್ರು ಅಂತ ಹೇಳಿಬಿಡ್ತಿದ್ದೆ. ದೇವರ ಕೃಪಿ ದೊಡ್ಡದು, ಈ ಸುಳ್ಳು ಸಣ್ಣದು ಅಂದ್ಕೊಂಡಿದ್ದೆ.’

ನಾನು ಬಟ್ಟೆ ಹಿಂಡುವುದನ್ನೂ ಮರೆತು ಕೂತೆ.

‘ನನಗ ಹಂಗ ಮಾಡಬ್ಯಾಡ. ಸುಳ್ಳು ಹೇಳಿ ಮಣ್ಣು ಕೊಡಬ್ಯಾಡ. ಹೆದರಿಕೊಂಡು ಹೋದ್ರೂ ಯೇಸಪ್ಪ ಕರಕೊಳ್ಳಾಂವ ಇದ್ರ ಕರಕೊಳ್ಳಲಿ. ಅದಕ್ಕ ಅಲ್ಲೇನು ಕೃಪಿ ಅನ್ನೋದು? ಇಲ್ಲಾಂದ್ರ…’

ನಾನು ಬಟ್ಟೆ ಹಿಂಡಿ ಮತ್ತೆ ಬೆನ್ನು ಒರೆಸತೊಡಗಿದೆ.

ಆ ವಾರವೇ ಸಭೆಯವರು ಬಂದರು. ಹಾಡಿದರು, ಓದಿದರು. ಸಭೆಯ ಹಿರಿಯರೊಬ್ಬರು ಬಾಗಿ, ಅವ್ವ ಎಷ್ಟೋ ಜನರನ್ನು ಕೇಳಿದ್ದ ಪ್ರಶ್ನೆಯನ್ನು ಅವಳಿಗೇ ಕೇಳಿದರು. ಅವ್ವ ಬಾಯಿ ಬಿಡಲಿಲ್ಲ. ಎರಡೂ ಕಣ್ಣಿಂದ ನೀರು ಇಳಿದು ಕಿವಿಗೆ ಸೇರಿತು. ‘ನೋಡ್ರಿ, ಆನಂದದ ಕಣ್ಣೀರು! ಪ್ರಭುವಿಗೆ ಸ್ತೋತ್ರ!’ ಎಂದರು ಹಿರಿಯರು. ಎಲ್ಲರೂ ಆಮೆನ್ ಎಂದರು. ನನಗೆ ಅವರನ್ನೆಲ್ಲ ಬಾಗಿಲ ಆಚೆ ದಬ್ಬಬೇಕು ಅನ್ನಿಸಿತು. ದಬ್ಬಲಿಲ್ಲ, ಎಲ್ಲರಿಗೂ ಚಹಾ ಕೊಟ್ಟೆ.

ಆಮೇಲಿನ ದಿನಗಳಲ್ಲಿ ಅವ್ವ ಎಚ್ಚರವಾದಾಗಲೆಲ್ಲ ‘ಪ್ರಾರ್ಥನಿ ಮಾಡು’ ಅನ್ನುತ್ತಿದ್ದಳು. ನನಗೆ ಬರುತ್ತಿದ್ದುದು ಒಂದೇ ಮಾತು: ಪ್ರಭುವೇ, ಅವ್ವನಿಗೆ ಹೆದರಿಕೆಯಾಗುತ್ತಿದೆ. ಅದರ ಮುಂದೆ ಏನು ಕೇಳಬೇಕೋ ಗೊತ್ತಾಗುತ್ತಿರಲಿಲ್ಲ. ಅದನ್ನೇ ತಿರುಗಿ ತಿರುಗಿ ಹೇಳುತ್ತಿದ್ದೆ. ಅವಳ ಭಯ ಒಂದು ಎಳೆಯಷ್ಟೂ ಇಳಿಯಲಿಲ್ಲ. ಒಂದು ಬೆಳಿಗ್ಗೆ, ಬೀದಿಯಲ್ಲಿ ಹಾಲಿನವನು ಕೂಗುತ್ತಿದ್ದ ಹೊತ್ತಿಗೆ, ನನ್ನ ಕೈಗೆ ಉಗುರು ಊರಿ ಹಿಡಿದುಕೊಂಡೇ ಹೋದಳು. ಅಂಥ ಹೊತ್ತಿನಲ್ಲಿ ಮುಖದ ಮೇಲೆ ಬೆಳಕು ಬರುತ್ತದೆ ಎಂದು ಕೇಳಿದ್ದೆ. ನಾನು ಬಹಳ ಹೊತ್ತು ನೋಡುತ್ತ ಕೂತೆ. ಏನೂ ಬರಲಿಲ್ಲ.

ಸಮಾಧಿಯ ಹತ್ತಿರ ಹಿರಿಯರು ಆನಂದದ ಕಣ್ಣೀರಿನ ಸಾಕ್ಷಿ ಶುರು ಮಾಡಿದರು. ‘ಅಲ್ಲರಿ,’ ಎಂದೆ. ‘ಅವ್ವ ಹೆದರಿದ್ದಳು. ಕೊನೆಯವರೆಗೂ ಹೆದರಿದ್ದಳು. ಹೆದರಿಕೊಂಡೇ ಪ್ರಾರ್ಥನೆ ಮಾಡಿಸಿಕೊಂಡಳು. ಇದ್ದದ್ದು ಇದ್ದಹಾಗೆ ಹೇಳು ಅಂತ ಹೇಳಿದ್ದಾಳೆ.’ ಐತಿ ಅನ್ನದೆ ಹೋದ ಉಳಿದವರ ಸುದ್ದಿ ನಾನು ಎತ್ತಲಿಲ್ಲ. ಅದನ್ನು ಹೇಳಲು ನನಗೆ ಯಾರೂ ಹಕ್ಕು ಕೊಟ್ಟಿರಲಿಲ್ಲ. ಪಾಸ್ಟರು ತಲೆ ತಗ್ಗಿಸಿದರು. ಯಾರೋ ಗಡಿಬಿಡಿಯಲ್ಲಿ ಕೀರ್ತನೆ ಎತ್ತಿಕೊಂಡರು. ‘ಹೆತ್ತಾಕಿ ಮರ್ಯಾದಿ ಮಣ್ಣಾಗ ಹಾಕಿದಿ,’ ಎಂದು ಚಿಕ್ಕಮ್ಮ ನನ್ನ ತೋಳು ಹಿಡಿದು ಎಳೆದಳು. ಅಂದಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ನಾನು ಸಿರುಗುಪ್ಪಕ್ಕೆ ವಾಪಸಾದೆ. ಭಾನುವಾರ ಈಗಲೂ ಸಭೆಗೆ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂತು ಬರುತ್ತೇನೆ. ನಂಬಿಕೆ ಬಂದಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಿಡಲೂ ಆಗಿಲ್ಲ.

ಈಚೆಗೆ ಬಾದನಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಅವಳ ಮಾವ ಹಾಸಿಗೆ ಹಿಡಿದಿದ್ದ. ‘ಪಾಸ್ಟರು ಬ್ಯಾಡಂತ್ರಿ. ಮಣ್ಣಿನ ದಿನ ಎಲ್ಲಾರ ಎದುರು ಮಾತಾಡಿದ್ರಲ್ಲ, ಆ ಟೀಚರನ್ನ ಕರಿ ಅಂತಾರ,’ ಎಂದಳು. ನನಗೆ ಹೋಗುವ ಮನಸ್ಸಿರಲಿಲ್ಲ. ಅಲ್ಲಿ ಹೋಗಿ ಹೇಳುವಂಥದ್ದು ನನ್ನ ಹತ್ತಿರ ಏನಿತ್ತು? ಆದರೂ ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ ಹತ್ತಿದೆ.

ಮುದುಕ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ. ಸೊಸೆಯನ್ನು ಹೊರಗೆ ಕಳಿಸಿ ಕೇಳಿದ: ‘ನಿಮ್ಮವ್ವಗ ಕಡೀಕಾದ್ರೂ ಹೆದರಿಕಿ ಹೋತೇನವ್ವ?’

ಹೋಯಿತು ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅಷ್ಟು ಮನೆಗಳಲ್ಲಿ ಅವ್ವ ಯಾಕೆ ಹಾಗೆ ಹೇಳಿದಳೆಂದು ಆಗ ತಿಳಿಯಿತು.

‘ಇಲ್ಲರಿ,’ ಎಂದೆ. ‘ಹೋಗಲಿಲ್ಲ.’

ಅವನು ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದು ಮಂಚದ ಅಂಚು ತಟ್ಟಿದ.

‘ಹಂಗಾದ್ರ ಇಲ್ಲೇ ಕುಂದ್ರು ಯವ್ವಾ. ನನಗೂ ಹೆದರಿಕಿ ಐತಿ ಅಂತ ಯಾರಿಗೂ ಹೇಳಿದ್ದಿಲ್ಲ.’